ನೀಮ್ರಾಣಾ ಕೋಟೆಯ ಜೀರ್ಣೋದ್ಧಾರ: ಒಂದು ವಿಮರ್ಶೆ

ರಾಜಸ್ಥಾನದ ಸಣ್ಣ ಊರಾದ ನೀಮ್ರಾಣಾದಲ್ಲಿ 1464ರಲ್ಲಿ ಚೌಹಾಣರು ಕಟ್ಟಿಸಿದ ಕೋಟೆಯು ಕಾಲಾಂತರದಲ್ಲಿ ಪಾಳುಬಿದ್ದು, 1986ರಲ್ಲಿ ಅಮನ್ ನಾಥ್, ಫ್ರಾನ್ಸಿಸ್ ವಾಕ್ಸಿಯಾರ್ಗ್ ಮೊದಲಾದವರ ಕೈಸೇರಿ, 1991ರಲ್ಲಿ ಹೋಟೆಲಾಗಿ ತೆರೆಯಿತು. ಜನರ ವಾಸವಿಲ್ಲದ ಕಟ್ಟಡವು ಬಹುಕಾಲ ಬಾಳದೆಂಬುದನ್ನು ನಾವು ಬಲ್ಲೆವು. ಮಾಡು ಕುಸಿದು ಮಳೆನೀರು ಒಳಹೊಕ್ಕರೆ ಗೋಡೆಗೆ ಆಯುಷ್ಯವಿಲ್ಲ. ಆದುದರಿಂದ ಈ ಉದ್ಯಮವು ಸ್ತುತ್ಯರ್ಹವೇ ಸರಿ.

ಆದರೆ ದುರಸ್ತಿಯೊಡನೆ ಹೊಸ ಭಾಗಗಳೂ ಹಳೆಯ ಶೈಲಿಯಲ್ಲಿಯೇ ಸೇರಿವೆ. ಯಾವುದು ಪ್ರಾಚೀನ, ಯಾವುದು ನಮ್ಮ ಕಾಲದ್ದು ಎಂಬುದನ್ನು ತಂಗಲು ಬಂದವನು ಕಣ್ಣಿನಿಂದಲೇ ನಿರ್ಣಯಿಸಲಾರನು. ಗ್ರಂಥಸಂಪಾದಕನು ಪ್ರಕ್ಷಿಪ್ತ ಪದ್ಯಗಳನ್ನು ಗುರುತಿಸಿ ತೋರಿಸುವಂತೆ, ಜೀರ್ಣೋದ್ಧಾರಕನೂ ತಾನು ಸೇರಿಸಿದ ಭಾಗದ ಮೇಲೆ ವರ್ಷವನ್ನು ಕೆತ್ತಿಸಬೇಕು. ಪೂರ್ವಸ್ಥಿತಿಯ ನಕ್ಷೆಯನ್ನು ಪ್ರಕಟಿಸಬೇಕು. ಇದರಿಂದ ಹೋಟೆಲಿಗೆ ನಷ್ಟವಿಲ್ಲ. ಇತಿಹಾಸದ ವಿದ್ಯಾರ್ಥಿಗಾದರೋ ಕಟ್ಟಡವು ಸಾಕ್ಷ್ಯವಾಗಿ ಉಳಿಯಲು ಬೇರೆ ದಾರಿಯಿಲ್ಲವೆಂದು ನಮ್ಮ ಅಭಿಪ್ರಾಯ.