ಸ್ಯಾಫೋವಿನ ಖಂಡಪದ್ಯಗಳೂ ಎಚ್. ಡಿ.ಯ ಭಾವಗೀತೆಯೂ

ಭಾವಗೀತೆಯೆಂಬ ಮಾತು ಇಂಗ್ಲಿಷಿನ 'ಲಿರಿಕ್' ಎಂಬುದಕ್ಕೆ ಸಮನಾಗಿ ಕನ್ನಡದಲ್ಲಿ ರೂಢಿಗೆ ಬಂದಿದೆ. ಗ್ರೀಕರ ಲೈರ್ ಎಂಬ ತಂತಿವಾದ್ಯದೊಡನೆ ಹಾಡತಕ್ಕದ್ದೆಂಬುದು ಆ ಶಬ್ದದ ಮೂಲಾರ್ಥ. ಆದರೆ ಈ ಪ್ರಕಾರದ ಪರಿಚಯ ನಮಗೆ ಬಹುಮಟ್ಟಿಗೆ ಆಂಗ್ಲ ಕವಿಗಳ ಮೂಲಕ, ಮುಖ್ಯವಾಗಿ 1926ರ 'ಇಂಗ್ಲಿಷ್ ಗೀತಗಳು' ಗ್ರಂಥದಿಂದ, ಆದುದರಿಂದ, ಕವಿಯ ಸ್ವಂತ ಹೃದಯ ತಾನಾಗಿ ಉಕ್ಕಿ ಹರಿದುದೇ ಭಾವಗೀತೆಯೆಂಬ ಲಕ್ಷಣವನ್ನು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಈ ಲಕ್ಷಣ ಎಲ್ಲೆಡೆಯೂ ಸಲ್ಲತಕ್ಕದ್ದಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲಿಷಿನ ನವ್ಯಕವಿಗಳು ಈ ಲಕ್ಷಣವನ್ನು ಬಲವಾಗಿ ಆಕ್ಷೇಪಿಸಿದರು. ಕಾವ್ಯದಲ್ಲಿ ಕವಿಯ ವ್ಯಕ್ತಿತ್ವ ಮರೆಯಾಗಬೇಕೆಂದು ಟಿ. ಎಸ್. ಎಲಿಯಟ್ 1919ರಲ್ಲಿ ವಾದಿಸಿದನು. ಪುರುಷ ಕವಿಗೆ ಇದು ಒಂದು ಶೈಲಿಯ ಪ್ರಶ್ನೆ, ಸ್ತ್ರೀಕವಿಗೆ ಉಭಯಸಂಕಟ. ಹೃದಯದ ಮಾತನ್ನು ಆಡಿದರೆ ಅದು ಹೆಂಗಸಿನ ಸಹಜಗುಣವೇ ಹೊರತು ಕಲೆಯಲ್ಲವೆಂಬರು. ಆಡದಿದ್ದರೆ ಸ್ವಭಾವವನ್ನೇ ಬಿಟ್ಟಳೆಂಬರು. ಇದು ಕೇವಲ ಊಹೆಯಲ್ಲ. ಜಾನ್ ಕ್ರೋ ರ್‍ಯಾನ್ಸಮ್ ಎಂಬ ವಿಮರ್ಶಕನು 1937ರಲ್ಲಿ ಎಡ್ನಾ ಮಿಲೇಯ ಕವಿತೆಗಳನ್ನು ಕುರಿತು ಬರೆಯುತ್ತ, ಸ್ತ್ರೀಕವಿಯಲ್ಲಿ ಬುದ್ಧಿವ್ಯಾಪಾರದ ಆಸಕ್ತಿ ಸಾಲದೆಂಬ ಅಭಿಪ್ರಾಯವನ್ನು ಮುಂದಿಟ್ಟನು. ಇದಕ್ಕೆ ವಿರುದ್ಧವಾಗಿ ಲೂಯಿಸ್ ಬೋಗನ್ ತನ್ನ 1947ರ ಪ್ರಬಂಧವೊಂದರಲ್ಲಿ, ಸ್ತ್ರೀಯರು ಕಾಪಾಡಿಕೊಂಡು ಬಂದ ಭಾವದ ಧಾರೆಯನ್ನು ಕೈಬಿಡಬಾರದೆಂದು ಪ್ರತಿಪಾದಿಸಿದಳು. ಮಿಲೇ ಹಳೆಯ ಸಾನೆಟ್ ಬಂಧವನ್ನೇ ಹಿಡಿದು 1931ರಲ್ಲಿ ಐವತ್ತೆರಡು ಸುನೀತಗಳ ಮಾಲೆಯೊಂದನ್ನು ಹೊರತಂದಳು. ಹೀಗೆ ದಾಯವಾಗಿ ಬಂದುದನ್ನು ಉಳಿಸಿಕೊಳ್ಳುವ ಮಾರ್ಗ ಒಂದು, ತೊರೆಯುವ ಮಾರ್ಗ ಇನ್ನೊಂದು. ಎಚ್. ಡಿ. ಮೂರನೆಯದೊಂದನ್ನು ಕಂಡುಕೊಂಡಳು.

ಎಚ್. ಡಿ. ಎಂಬ ಅಂಕಿತದಿಂದ ಪ್ರಸಿದ್ಧಳಾದ ಹಿಲ್ಡಾ ಡೂಲಿಟ್ಲ್ 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಹುಟ್ಟಿ, 1911ರಲ್ಲಿ ಲಂಡನ್ನಿಗೆ ಬಂದು, 1913ರಲ್ಲಿ ಇಮೇಜಿಸ್ಟ್ ಪಂಥದ ಕವಿಯಾಗಿ ಹೆಸರಾದಳು. ಆಕೆ ರಮ್ಯಕವಿಗಳನ್ನು ದಾಟಿ, ಭಾವಗೀತೆಯ ಮೂಲಕ್ಕೇ, ಎಂದರೆ ಲೆಸ್ಬಾಸ್ ದ್ವೀಪದ ಸ್ಯಾಫೋವಿನ ಬಳಿಗೇ ಹೋದಳು. ಅಲ್ಲಿ ದೊರೆತುದು ಪೂರ್ಣವಾದ ಪರಂಪರೆಯಲ್ಲ, ಚೂರುಗಳು. ಅಲೆಕ್ಸಾಂಡ್ರಿಯದ ಪಂಡಿತರು ಸಂಪುಟಗಳಾಗಿ ವಿಂಗಡಿಸಿದ್ದ ಆ ಕಾವ್ಯರಾಶಿಯಲ್ಲಿ ಇಡಿಯಾಗಿ ಉಳಿದುದು ಅಫ್ರೊಡೈಟಿಯನ್ನು ಕುರಿತ ಒಂದು ಪ್ರಾರ್ಥನೆಯೆಂದೇ ಹೇಳಬಹುದು. ಉಳಿದವು ಲಾಕ್ಷಣಿಕರೂ ವೈಯಾಕರಣರೂ ಉದಾಹರಿಸಿದ ಪಂಕ್ತಿಗಳು, ಈಜಿಪ್ಟಿನ ಮಣ್ಣಿನಲ್ಲಿ ದೊರೆತ ಹರಕು ಪೆಪೈರಸ್ ಹಾಳೆಗಳು. ಕೇಶಿರಾಜನ ಸೂತ್ರಗಳಿಗೆ ಪ್ರಯೋಗಗಳಾಗಿ ಮಾತ್ರ ಬದುಕಿರುವ ಪದ್ಯಗಳನ್ನು ಬಲ್ಲ ಕನ್ನಡ ವಿದ್ವಾಂಸರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

1924ರ 'ಹೀಲಿಯೋಡೋರಾ' ಸಂಕಲನದಲ್ಲಿ ಎಚ್. ಡಿ. ಕೆಲವು ಕವಿತೆಗಳಿಗೆ ಸ್ಯಾಫೋವಿನ ಖಂಡಗಳ ಸಂಖ್ಯೆಗಳನ್ನೇ ಹೆಸರಾಗಿ ಇಟ್ಟಳು. ಅವು ಹೆನ್ರಿ ವಾರ್ಟನ್ 1885ರಲ್ಲಿ ಪ್ರಕಟಿಸಿದ ಆವೃತ್ತಿಯ ಸಂಖ್ಯೆಗಳು. ಈ ಕವಿತೆಗಳು ಅನುವಾದಗಳಲ್ಲ. ಮೂವತ್ತಾರನೆಯ ಖಂಡದಲ್ಲಿ ಉಳಿದಿರುವುದು ಏನು ಮಾಡಲೆಂದು ತಿಳಿಯದ ಇಬ್ಬಗೆಯ ಮನಸ್ಸಿನ ಒಂದು ನುಡಿ ಮಾತ್ರ. ಅದನ್ನು ಬೀಜವಾಗಿಟ್ಟು ಎಚ್. ಡಿ. ಒಂದು ರಾತ್ರಿಯನ್ನು ಕಟ್ಟುತ್ತಾಳೆ. ಮಗ್ಗುಲಲ್ಲಿ ಪ್ರಿಯವ್ಯಕ್ತಿ ನಿದ್ರಿಸುತ್ತಿದೆ. ಎಬ್ಬಿಸಬೇಕೆ, ಹಾಡಿಗೆ ಕಿವಿಗೊಡಬೇಕೆ? ಪ್ರೇಮದ ವರ ಹಿರಿದೋ, ಗಾನದ ವರ ಹಿರಿದೋ? ಹಿಡಿತಕ್ಕೆ ಸಿದ್ಧರಾಗಿ ನಿಂತು ಅಲುಗದ ಇಬ್ಬರು ಜಟ್ಟಿಗಳಂತೆ ಮನಸ್ಸು ಮನಸ್ಸಿಗೆ ಇದಿರಾಗಿ ನಿಲ್ಲುತ್ತದೆ. ಕೊನೆಗೂ ಉತ್ತರವಿಲ್ಲ, ಕವಿತೆ ಪ್ರಶ್ನೆಯಲ್ಲಿಯೇ ಮುಗಿಯುತ್ತದೆ. ಇಲ್ಲಿ ಉಕ್ಕಿ ಹರಿದುದು ಯಾವುದೂ ಇಲ್ಲ. ಉಕ್ಕುವ ಮುನ್ನ ತಡೆದು ನಿಂತುದೇ ಭಾವ. ಆ ಭಾವಕ್ಕೆ ಬುದ್ಧಿಯೇ ಆಶ್ರಯವಾಗಿದೆ. ರ್‍ಯಾನ್ಸಮನ ಆಕ್ಷೇಪಕ್ಕೆ ಇದಕ್ಕಿಂತ ಸಮರ್ಪಕವಾದ ಸಮಾಧಾನ ಬೇಕಿಲ್ಲ.

ಆದರೆ ಇಲ್ಲಿ ಒಂದು ಪೂರ್ವಪಕ್ಷವುಂಟು. ನಲವತ್ತು, ನಲವತ್ತೊಂದು, ಅರುವತ್ತೆಂಟು ಎಂಬ ಸಂಖ್ಯೆಗಳ ಕವಿತೆಗಳು ಮೊದಲು ಬೇರೆ ಹೆಸರುಗಳಿಂದ, ದೀರ್ಘವಾಗಿ ರಚಿತವಾಗಿದ್ದವು. ಅವು ಪತಿ ರಿಚರ್ಡ್ ಆಲ್ಡಿಂಗ್ಟನ್ನನ ಅನ್ಯಾಸಕ್ತಿಯಿಂದ ಆಕೆ ನೊಂದ ಕಾಲದವು. ಆ ನೋವನ್ನು ನೇರವಾಗಿ ಸೂಚಿಸುವ ಭಾಗಗಳನ್ನು ತೆಗೆದು, ಸ್ಯಾಫೋವಿನ ಹೆಸರನ್ನು ಮುಂದಿಟ್ಟು ಪ್ರಕಟಿಸಿದಳು. ಪೂರ್ಣಪಾಠಗಳು ಆಕೆಯ ಮರಣಾನಂತರ, 1983ರ ಸಮಗ್ರ ಸಂಕಲನದಲ್ಲಿ ಬೆಳಕು ಕಂಡವು. ಹಾಗಾದರೆ ಸ್ಯಾಫೋ ಬರಿಯ ತೆರೆಯೇ?

ನಮ್ಮ ಆಲಂಕಾರಿಕರು ಸಾಧಾರಣೀಕರಣವೆಂದು ಕರೆದ ವ್ಯಾಪಾರವನ್ನು ಇಲ್ಲಿ ನೆನೆಯಬಹುದು. ವ್ಯಕ್ತಿವಿಶೇಷ ಕಳಚಿದಲ್ಲದೆ ಲೌಕಿಕ ದುಃಖ ರಸವಾಗದು. ಈ ನ್ಯಾಯದಿಂದ ನೋಡಿದರೆ ಎಚ್. ಡಿ. ಮಾಡಿದುದು ಮುಚ್ಚುವಿಕೆಯಲ್ಲ, ಪಾಕ. ಆದರೆ ನ್ಯಾಯವನ್ನು ಎಲ್ಲ ಕವಿತೆಗಳಿಗೂ ಒಂದೇ ಸಮನಾಗಿ ಹಚ್ಚುವುದು ಸರಿಯಲ್ಲ. ಮೂವತ್ತಾರರಲ್ಲಿ ಸ್ಯಾಫೋವಿನ ನುಡಿಯೇ ಕವಿತೆಯ ಜೀವ. ಅದನ್ನು ತೆಗೆದರೆ ಏನೂ ನಿಲ್ಲದು. ನಲವತ್ತೊಂದರಲ್ಲಾದರೋ ತೊರೆಯಲ್ಪಟ್ಟವಳ ಅಳಲಿಗೆ ಶಿರೋನಾಮ ಹೊರಗಿನಿಂದ ಸೇರಿದುದು. ಪೂರ್ಣಪಾಠವನ್ನು ಓದಿದವರಿಗೆ ಕತ್ತರಿಸಿದ ಅಂಚು ಕೈಗೆ ತಗಲುತ್ತದೆ. ಮೊದಲನೆಯದು ಸಾಧಾರಣೀಕರಣ, ಎರಡನೆಯದು ಬಹುಪಾಲು ಸಂಕೋಚ. ಆ ಸಂಕೋಚಕ್ಕೆ ಕಾರಣ ಕವಿಯ ಅಶಕ್ತಿಯಲ್ಲ. ಹೆಂಗಸಿನ ಸಿಟ್ಟನ್ನು ಕಾವ್ಯವೆಂದು ಒಪ್ಪದ ಕಾಲವೆಂದು ನಮಗೆ ತೋರುತ್ತದೆ.

ಆದಕಾರಣ ಭಾವಗೀತೆಯನ್ನು ಬೋಧಿಸುವಾಗ ಕವಿ ಏನನ್ನು ಹೇಳಿದಳೆಂಬುದರ ಜೊತೆಗೆ, ಏನನ್ನು ಬಿಟ್ಟಳು, ಬಿಟ್ಟುದು ಕಲೆಗಾಗಿಯೋ ಅಂಜಿಕೆಗಾಗಿಯೋ ಎಂದೂ ಕೇಳಬೇಕು. ಸ್ಯಾಫೋವಿನ ಹಾಳೆಗಳನ್ನು ಹರಿದುದು ಕಾಲ; ಎಚ್. ಡಿ.ಯ ಹಾಳೆಗಳನ್ನು ಕತ್ತರಿಸಿದುದು ಆಕೆಯ ಕೈಯೇ. ಇವೆರಡರ ಭೇದವನ್ನು ಗುರುತಿಸುವುದು ವಿಮರ್ಶಕನ ಕರ್ತವ್ಯ.