ಸದ್ದು ಮಾಡಬಾರದ ಆಟ

2018ರ ಅಕ್ಟೋಬರ್ 26ಕ್ಕೆ ‘ರೆಡ್ ಡೆಡ್ ರಿಡೆಂಪ್ಷನ್ 2’ ಬಂತು. ಹನ್ನೊಂದು ದಿನ ಕಳೆದು, ನವೆಂಬರ್ 6ಕ್ಕೆ ‘ಓವರ್‌ಕಿಲ್ಸ್ ದಿ ವಾಕಿಂಗ್ ಡೆಡ್’ ಬಂತು. ವಿಮರ್ಶಕರು ಕೊಟ್ಟ ಅಂಕಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಮೊದಲನೆಯದಕ್ಕೆ ನೂರಕ್ಕೆ 97. ಎರಡನೆಯದು ಐವತ್ತರ ಆಸುಪಾಸಿನಲ್ಲೇ ಮುಗ್ಗರಿಸಿ ಬಿತ್ತು. ಒಂದು ಫಸ್ಟ್ ರ‍್ಯಾಂಕು, ಇನ್ನೊಂದು ಜಸ್ಟ್ ಪಾಸು ಅಂತ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆಮೇಲಿನ ಆರು ತಿಂಗಳಲ್ಲಿ ನಮ್ಮ ಬೆಂಗಳೂರಿನ ಒಂದು ಸ್ಟುಡಿಯೋ ಎರಡನೆಯ ಆಟದವರ ಕೈಯಿಂದ ಮೊದಲನೆಯ ಆಟದವರ ಕೈಗೆ ಹೋಯಿತು. ಹಾಗಾಗಿ ಆ ಐವತ್ತು ಅಂಕದ ಬಗ್ಗೆ ಸ್ವಲ್ಪ ಮಾತಾಡೋಣ.

ಆಟ ನಡೆಯೋದು ವಾಷಿಂಗ್ಟನ್ ನಗರದಲ್ಲಿ. ಲೋಕವೆಲ್ಲ ಜೋಂಬಿಗಳ ಪಾಲಾಗಿದೆ. ಏಡನ್, ಮಾಯಾ, ಗ್ರಾಂಟ್, ಹೆದರ್ ಅಂತ ನಾಲ್ಕು ಜನ. ನಾಲ್ಕು ಜನ ಆಟಗಾರರು ಒಟ್ಟಿಗೆ ಕೂಡಿ ಆಡಬೇಕು. ಬೀದಿಗಿಳಿದು ಅನ್ನ, ಔಷಧಿ, ಸಾಮಾನು ಹುಡುಕಿ ತಂದು ತಮ್ಮ ಕ್ಯಾಂಪು ಉಳಿಸಿಕೊಳ್ಳಬೇಕು. ಇಷ್ಟರಲ್ಲಿ ಹೊಸದೇನೂ ಇಲ್ಲ. ಹೊಸದು ಇದ್ದಿದ್ದು ಒಂದೇ ನಿಯಮದಲ್ಲಿ: ಸದ್ದು ಮಾಡಬೇಡ. ನೀನು ಹಾರಿಸಿದ ಪ್ರತಿ ಗುಂಡಿನ ಸದ್ದನ್ನೂ ಆಟ ಲೆಕ್ಕ ಇಡುತ್ತೆ. ಲೆಕ್ಕ ಏರಿದ ಹಾಗೆ ಜೋಂಬಿಗಳ ಹಿಂಡು ದೊಡ್ಡದಾಗುತ್ತೆ. ಕೈಲಿ ಬಂದೂಕಿದೆ, ಆದರೆ ಬಳಸಿದರೆ ಬಳಸಿದವನಿಗೇ ಕೇಡು.

ನನ್ನ ಮಟ್ಟಿಗೆ ಇದು ತುಂಬಾ ಒಳ್ಳೆಯ ಯೋಚನೆ. ಸರ್ವೈವಲ್ ಹಾರರ್ ಅನ್ನೋ ಪ್ರಕಾರಕ್ಕೆ ಹೆಸರು ತಂದುಕೊಟ್ಟಿದ್ದು 1996ರ ‘ರೆಸಿಡೆಂಟ್ ಈವಿಲ್’. ಅದರಲ್ಲಿ ಭಯ ಹುಟ್ಟುತ್ತಿದ್ದದ್ದು ರಾಕ್ಷಸರಿಂದ ಮಾತ್ರ ಅಲ್ಲ, ಗುಂಡು ಮುಗಿದು ಹೋಗುತ್ತೆ ಅನ್ನೋ ಚಿಂತೆಯಿಂದ. 2012ರ ಆರನೇ ಭಾಗದ ಹೊತ್ತಿಗೆ ಸ್ಫೋಟ, ಹೊಡೆದಾಟ, ಓಟ ಜಾಸ್ತಿಯಾಗಿ ಭಯ ಮೂಲೆ ಸೇರಿತ್ತು. ಇದು ಹಾರರ್ ಅಲ್ಲ, ಆ್ಯಕ್ಷನ್ ಸಿನಿಮಾ ಅಂತ ವಿಮರ್ಶಕರು ಬೈದರು. ಕ್ಯಾಪ್ಕಾಮ್ 2017ರ ಏಳನೇ ಭಾಗದಲ್ಲಿ ಲೂಸಿಯಾನಾದ ಒಂದು ಹಳೇ ಮನೆಯೊಳಗೆ ಆಟಗಾರನನ್ನು ಕೂಡಿಹಾಕಿ, ಕೈಗೆ ನಾಲ್ಕು ಗುಂಡು ಕೊಟ್ಟು, ಕಳೆದುಕೊಂಡ ಹೆಸರನ್ನು ವಾಪಸ್ ಪಡೆಯಿತು. ಆ್ಯಕ್ಷನ್ ಬೇಕು, ಭಯವೂ ಬೇಕು ಅನ್ನುವವರಿಗೆ ಓವರ್‌ಕಿಲ್‌ನವರ ಸದ್ದಿನ ನಿಯಮ ಇನ್ನೊಂದು ದಾರಿ ತೋರಿಸಬಹುದಿತ್ತು. ಗುಂಡು ಎಷ್ಟು ಬೇಕಾದರೂ ಇಟ್ಕೊ, ಆದರೆ ಹಾರಿಸೋ ಮುಂಚೆ ಯೋಚನೆ ಮಾಡು!

ವಿಮರ್ಶೆಗಳು ಹೇಳಿದ್ದೇನು? ಮಾಡಿದ್ದನ್ನೇ ಮಾಡಿಸುತ್ತೆ, ಬಗ್‌ಗಳಿವೆ, ಜೊತೆಗಾರರು ಸಿಗೋದು ಕಷ್ಟ, ಸೋತರೆ ಮಿಷನ್ ಮೊದಲಿಂದ ಶುರು, 60 ಡಾಲರ್‌ಗೆ ಇದು ದುಬಾರಿ. ಎಲ್ಲವೂ ನಿಜ. ಆದರೆ ಇವು ಲಕ್ಷಣಗಳು, ರೋಗ ಅಲ್ಲ. ‘ಪೇಡೇ’ ಆಟಕ್ಕೇ ಜೋಂಬಿ ವೇಷ ಹಾಕಿದ್ದಾರೆ ಅಂತ ಕೆಲವರು ಒಂದು ಸಾಲು ಬರೆದು ಮುಂದೆ ಹೋದರು. ರೋಗದ ಸುಳಿವು ಇದ್ದದ್ದು ಆ ಸಾಲಿನಲ್ಲೇ.

ಓವರ್‌ಕಿಲ್‌ಗೆ ಹೆಸರು, ದುಡ್ಡು ಎರಡೂ ಕೊಟ್ಟಿದ್ದು 2013ರ ‘ಪೇಡೇ 2’. ಬ್ಯಾಂಕ್ ದರೋಡೆಯ ಆಟ. ಅಲ್ಲೂ ಸದ್ದಿಲ್ಲದೆ ಕೆಲಸ ಮುಗಿಸಬಹುದು. ಅಲಾರಂ ಹೊಡೆದುಕೊಂಡರೆ ಮಾತ್ರ ಪೊಲೀಸರ ದಂಡೇ ಬರುತ್ತೆ, ಸಂಗೀತ ಏರುತ್ತೆ, ಗುಂಡಿನ ಮಳೆ. ನಿಜ ಹೇಳಬೇಕಂದ್ರೆ ಬಹಳ ಜನಕ್ಕೆ ಮಜಾ ಶುರುವಾಗೋದೇ ಅಲ್ಲಿಂದ. ಪೇಡೇಯಲ್ಲಿ ಸದ್ದು ಅಂದರೆ ಹಬ್ಬ. ವಾಕಿಂಗ್ ಡೆಡ್‌ನಲ್ಲಿ ಅದೇ ಸದ್ದು ಸಾವಾಗಬೇಕಿತ್ತು. ಆದರೆ ತಂಡದ ಕೈಗೆ ಹಬ್ಬದ ಅಡುಗೆ ಮಾಡಿಯೇ ಅಭ್ಯಾಸ. ನೀವು ಉಸಿರು ಬಿಗಿಹಿಡಿದು ನಡೆಯುತ್ತಿರುವಾಗ ಎದುರು ಬಣದ ಮನುಷ್ಯರು ದಡದಡ ಗುಂಡು ಹಾರಿಸುತ್ತಾರೆ. ಅವರ ಸದ್ದಿಗೂ ಹಿಂಡು ಬೆಳೆಯುತ್ತೆ. ಇನ್ಯಾರೋ ಮಾಡಿದ ಸದ್ದಿಗೆ ನಾನು ಯಾಕೆ ಸಾಯಬೇಕು? ಒಮ್ಮೆ ಹೀಗೆ ಅನ್ನಿಸಿದರೆ ಮುಗೀತು, ಭಯ ಹೋಗಿ ಸಿಟ್ಟು ಬರುತ್ತೆ. ಹಾರರ್ ಆಟ ಆಟಗಾರನಲ್ಲಿ ಏನು ಬೇಕಾದರೂ ಹುಟ್ಟಿಸಲಿ, ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವನ ಸಿಟ್ಟನ್ನು ಹುಟ್ಟಿಸಬಾರದು. ತನ್ನ ನಿಯಮವನ್ನು ತಾನೇ ನಂಬದ ಆಟ ಇದು. ಅದನ್ನು ಬಿಡಿಸಿ ಹೇಳಿದ ವಿಮರ್ಶೆ ನಾನು ಓದಿದವುಗಳಲ್ಲಿ ಕಡಿಮೆ.

ಹೀಗಾದದ್ದಕ್ಕೆ ಕಾರಣಗಳೂ ಇದ್ದವು. ಆಟ ಘೋಷಣೆಯಾದದ್ದು 2014ರಲ್ಲಿ, ಬರಬೇಕಿದ್ದದ್ದು 2016ಕ್ಕೆ. ಮಾತೃಸಂಸ್ಥೆಯಾದ ಸ್ವೀಡನ್ನಿನ ಸ್ಟಾರ್‌ಬ್ರೀಝ್ 2015ರಲ್ಲಿ ವಲ್ಹಾಲಾ ಅನ್ನೋ ಗೇಮ್ ಎಂಜಿನ್ ಕೊಂಡು, ಅದರಲ್ಲೇ ಕೆಲಸ ಮಾಡಿಸಿ, ಆಮೇಲೆ ಅದನ್ನು ಬಿಟ್ಟು ಅನ್‌ರಿಯಲ್‌ಗೆ ಬದಲಾಯಿಸಿತು. ಅರ್ಧ ಕಟ್ಟಿದ ಮನೆಗೆ ಪಾಯ ಬದಲಾಯಿಸಿದ ಹಾಗೆ. ಇಂಥ ಕಡೆ ಮೊದಲು ಸಾಯುವುದು ನಿಯಮಗಳನ್ನು ಕೂತು ತಿದ್ದೋ ಸಮಯ. ಟ್ರೇಲರ್‌ಗಳು ಮಾತ್ರ ಚೆನ್ನಾಗಿಯೇ ಬಂದವು.

ಮುಂದಿನದು ಬೇಗ ಬೇಗ ಆಯಿತು. ಆಟ ಬಂದು ತಿಂಗಳೊಳಗೆ, 2018ರ ಡಿಸೆಂಬರ್ ಮೊದಲ ವಾರ, ಸ್ಟಾರ್‌ಬ್ರೀಝ್ ಸಾಲಗಾರರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. 2019ರ ಫೆಬ್ರುವರಿಯಲ್ಲಿ ಕಾಮಿಕ್ಸ್‌ನ ಹಕ್ಕುದಾರರಾದ ಸ್ಕೈಬೌಂಡ್‌ನವರು, ಗುಣಮಟ್ಟ ಸಾಲದು ಅಂತ ಒಪ್ಪಂದ ಕಡಿದುಕೊಂಡರು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಆವೃತ್ತಿಗಳು ಬರಲೇ ಇಲ್ಲ. ಒಂದೇ ಆಟ ಕಂಪನಿಯನ್ನು ಮುಳುಗಿಸಿತು ಅನ್ನೋದು ಸರಿಯಲ್ಲ. ವಿಆರ್ ಹೆಡ್‌ಸೆಟ್ಟು, ಹೊಸ ಕಂಪನಿಗಳ ಖರೀದಿ ಅಂತ ಮೊದಲೇ ಕೈ ಮೀರಿ ಖರ್ಚಾಗಿತ್ತು. ಎಲ್ಲವನ್ನೂ ಈ ಆಟ ತೀರಿಸುತ್ತೆ ಅಂತ ನಂಬಿಕೊಂಡಿದ್ದರು, ಅಷ್ಟೆ.

ಹಾಗೆ ಅವರು ಖರೀದಿಸಿದ್ದ ಕಂಪನಿಗಳಲ್ಲಿ ಒಂದು ಬೆಂಗಳೂರಿನ ಧ್ರುವ ಇಂಟರಾಕ್ಟಿವ್. 1997ರಲ್ಲಿ ರಾಜೇಶ್ ರಾವ್ ಶುರುಮಾಡಿದ, ಭಾರತದ ಮೊದಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದು. ‘ಫೋರ್ಜಾ’ದಂಥ ದೊಡ್ಡ ಆಟಗಳಿಗೆ ಕಲಾಕೆಲಸ ಮಾಡಿಕೊಟ್ಟವರು. ಮಾಲೀಕರಿಗೆ ದುಡ್ಡಿನ ಅಡಚಣೆ ಬಂದಾಗ, 2019ರ ಮೇ ತಿಂಗಳಲ್ಲಿ ಅವರ ಪಾಲು ಸುಮಾರು 79 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಕೊಂಡದ್ದು ರಾಕ್‌ಸ್ಟಾರ್, ಅದೇ 97 ಅಂಕದವರು. ಬೆಂಗಳೂರಿನಲ್ಲಿ ಆಗಲೇ ಇದ್ದ ಅವರ ಸ್ಟುಡಿಯೋ ಜೊತೆ ಧ್ರುವ ಸೇರಿಹೋಯಿತು.

ಮಹದೇವಪುರದ ಈ ಪಟ್ಟಿಯಲ್ಲಿರೋ ನಮಗೆ ಇದು ದೂರದ ಸುದ್ದಿ ಅಲ್ಲ. ಹೂಡಿ, ಗರುಡಾಚಾರ್ ಪಾಳ್ಯದ ಪೀಜಿಗಳಲ್ಲಿ ಕೇಳಿ ನೋಡಿ, ಯಾವುದೋ ದೇಶದ ಆಟಕ್ಕೆ ಕಾರಿನ ಬಾಗಿಲು, ಮರದ ತೊಗಟೆ, ಮುರಿದ ಕುರ್ಚಿ ಮಾಡುವ ಹುಡುಗ ಹುಡುಗಿಯರು ಸಿಕ್ಕೇ ಸಿಗುತ್ತಾರೆ. ಆಟ ಗೆದ್ದರೆ ವಿಮರ್ಶೆಯಲ್ಲಿ ಅವರ ಹೆಸರು ಬರಲ್ಲ. ಸೋತರೆ ಅದರ ಬಿಸಿ ಮಾತ್ರ ಇಲ್ಲಿಯವರೆಗೂ ಬರುತ್ತೆ.

ಹಾಗಂತ ವಿಮರ್ಶಕರು ಕರುಣೆ ತೋರಿಸಿ ಹತ್ತು ಅಂಕ ಜಾಸ್ತಿ ಕೊಡಬೇಕಿತ್ತಾ? ಖಂಡಿತ ಬೇಡ. ದುಡ್ಡು ಕೊಟ್ಟು ಕೊಳ್ಳುವವನಿಗೆ ಸುಳ್ಳು ಹೇಳಿ ಯಾರ ಕೆಲಸವನ್ನೂ ಉಳಿಸಕ್ಕಾಗಲ್ಲ. ನನ್ನ ತಕರಾರು ಬೇರೆ. ಬೇಸರ ಬಂತು ಅಂತ ಬರೆಯೋದು ಆಟಗಾರನ ಕೆಲಸ, ಯಾಕೆ ಬಂತು ಅಂತ ಬರೆಯೋದು ವಿಮರ್ಶಕನದು. ಸದ್ದಿನ ನಿಯಮ ಒಳ್ಳೆಯದು, ಇಂಥ ಕಡೆ ಕೆಟ್ಟಿತು ಅಂತ ಬಿಡಿಸಿ ಬರೆದಿದ್ದರೆ, ಆಟ ಸತ್ತರೂ ಆ ಯೋಚನೆ ಇನ್ನೊಂದು ತಂಡದ ಕೈಗೆ ಸಿಗುತ್ತಿತ್ತು. ಆ ತಂಡ ಸ್ಟಾಕ್‌ಹೋಮಿನದೇ ಆಗಬೇಕು ಅಂತೇನೂ ಇಲ್ಲ. ಎರಡು ದಶಕ ಬೇರೆಯವರ ಆಟಕ್ಕೆ ಕುರ್ಚಿ, ಬಾಗಿಲು ಮಾಡಿಕೊಟ್ಟ ಈ ಊರಿನಲ್ಲಿ, ತಮ್ಮದೇ ಆಟ ಮಾಡಬೇಕು ಅಂತ ರಾತ್ರಿ ಕೂರುವವರು ಈಗಲೂ ಇದ್ದಾರೆ. ಅಂಥವರಿಗೆ ಐವತ್ತು ಅನ್ನೋ ಅಂಕದಿಂದ ಕಲಿಯೋದಕ್ಕೆ ಏನೂ ಸಿಗಲ್ಲ.