ಇನ್ನೊಂದು ಪವರ್ ಆಂಪ್ಲಿಫೈಯರ್ ಬೇಕೆ?

ಮನೆಯಲ್ಲಿ ಒಂದು ಒಳ್ಳೆಯ ಸ್ಟೀರಿಯೊ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಸಲಹೆ ಸಿಕ್ಕೇ ಸಿಗುತ್ತದೆ: “ನಿಮ್ಮ ಆಂಪ್ಲಿಫೈಯರಿಗೆ ಬಲ ಸಾಲದು. ಬೇರೆಯೇ ಒಂದು ಪವರ್ ಆಂಪ್ಲಿಫೈಯರ್ ಜೋಡಿಸಿ, ಆಮೇಲೆ ಕೇಳಿ ನೋಡಿ.” ಹೇಳುವವರು ಅಂಗಡಿಯವರಿರಬಹುದು, ಗೆಳೆಯರಿರಬಹುದು. ಸಲಹೆ ಪೂರ್ತಿ ಸುಳ್ಳಲ್ಲ. ಆದರೆ ಅದಕ್ಕೆ ಕೊಡುವ ಕಾರಣಗಳಲ್ಲಿ ಹೆಚ್ಚಿನವು ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಜೋಡಿಸುವ ವಿಧಾನಗಳಲ್ಲಿ ಒಂದಂತೂ ಜೀವಕ್ಕೇ ಅಪಾಯ. ಹಣ ಕೊಡುವ ಮುನ್ನ ಇವನ್ನು ತಿಳಿದಿರುವುದು ಒಳ್ಳೆಯದು.

ನಿಮ್ಮ ಮನೆಯ ಆಂಪ್ಲಿಫೈಯರ್ ವಾಸ್ತವವಾಗಿ ಒಂದೇ ಪೆಟ್ಟಿಗೆಯಲ್ಲಿರುವ ಎರಡು ಉಪಕರಣ. ಮೊದಲ ಭಾಗ ಪ್ರಿಆಂಪ್ಲಿಫೈಯರ್. ಯಾವ ಮೂಲದಿಂದ ಸಂಕೇತ ಬರಬೇಕು, ಎಷ್ಟು ಬರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಎರಡನೆಯದು ಪವರ್ ಆಂಪ್ಲಿಫೈಯರ್. ಅದು ವೋಲ್ಟೇಜನ್ನು ಸುಮಾರು 20 ಪಟ್ಟು ಹೆಚ್ಚಿಸಿ, ಸ್ಪೀಕರಿಗೆ ಬೇಕಾದ ಪ್ರವಾಹವನ್ನು ಒದಗಿಸುತ್ತದೆ. ನಿರ್ವಾತ ನಳಿಕೆಗಳ ಕಾಲದಲ್ಲಿ ಇವೆರಡನ್ನೂ ದೂರವಿಡಲು ಬಲವಾದ ಕಾರಣವಿತ್ತು. ಭಾರೀ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ, ನಳಿಕೆಗಳ ಬಿಸಿ ಇವೆರಡೂ ಸೂಕ್ಷ್ಮ ಸಂಕೇತಕ್ಕೆ ಶತ್ರುಗಳು. 1953ರಲ್ಲಿ ಬಂದ ಬ್ರಿಟನ್ನಿನ ಕ್ವಾಡ್ 2 ಹೀಗೆ ಪ್ರತ್ಯೇಕವಾಗಿಯೇ ಇತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಆ ಕಾರಣಗಳು ಬಹುಮಟ್ಟಿಗೆ ಸಡಿಲವಾದವು. ಆದರೆ ಬೇರೆ ಬೇರೆ ಪೆಟ್ಟಿಗೆ ಎಂದರೆ ಶ್ರೇಷ್ಠ ಎಂಬ ನಂಬಿಕೆ ಉಳಿದುಕೊಂಡಿತು.

ಈಗ ವ್ಯಾಟಿನ ಲೆಕ್ಕ. 40 ವ್ಯಾಟಿನ ಜಾಗದಲ್ಲಿ 80 ವ್ಯಾಟ್ ತಂದರೆ ಶಬ್ದ ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ಅದು ‘ಸ್ವಲ್ಪ ಜೋರು’ ಅಷ್ಟೆ. ಇಮ್ಮಡಿ ಎನ್ನಿಸಲು ಸುಮಾರು 10 ಡೆಸಿಬೆಲ್ ಬೇಕು. ಎಂದರೆ 400 ವ್ಯಾಟ್!

ಸಾಧಾರಣ ಸ್ಪೀಕರೊಂದು 1 ವ್ಯಾಟ್ ಪಡೆದು 1 ಮೀಟರ್ ದೂರದಲ್ಲಿ 88 ಡೆಸಿಬೆಲ್ ಶಬ್ದ ಕೊಡುತ್ತದೆ ಎನ್ನಿ. ನೀವು 3 ಮೀಟರ್ ದೂರದಲ್ಲಿ ಕುಳಿತಿದ್ದೀರಿ. ದೂರದಿಂದ ಕಳೆದುಹೋದದ್ದರಲ್ಲಿ ಒಂದಿಷ್ಟನ್ನು ಎರಡನೆಯ ಸ್ಪೀಕರೂ ಗೋಡೆಗಳೂ ಹಿಂದಿರುಗಿಸುತ್ತವೆ. ಕೊನೆಗೆ ನಿಮ್ಮ ಕಿವಿಗೆ 83 ಡೆಸಿಬೆಲ್ ತಲಪಿತು ಎಂದುಕೊಳ್ಳೋಣ. ಮನೆಯಲ್ಲಿ ನೆಮ್ಮದಿಯಾಗಿ ಕೇಳುವ ಮಟ್ಟ ಸುಮಾರು 75 ಡೆಸಿಬೆಲ್. ಅದಕ್ಕೆ ಬೇಕಾದದ್ದು ಒಂದು ವ್ಯಾಟಿನ ಆರನೆಯ ಒಂದು ಭಾಗ! ಆದರೆ ಸಂಗೀತ ಸರಾಸರಿಯಲ್ಲಿ ನಿಲ್ಲುವುದಿಲ್ಲ. ತನಿ ಆವರ್ತನದಲ್ಲಿ ಮೃದಂಗದ ಪೆಟ್ಟು ಬಿದ್ದಾಗ ಕ್ಷಣಮಾತ್ರ ಮಟ್ಟ 20 ಡೆಸಿಬೆಲ್‌ನಷ್ಟು ಜಿಗಿಯಬಹುದು. ಅದು ನೂರು ಪಟ್ಟು, ಎಂದರೆ 16 ವ್ಯಾಟ್. ನಿಮ್ಮ 40 ವ್ಯಾಟ್ ಅದನ್ನು ದಾಟಿ ಇನ್ನೂ 4 ಡೆಸಿಬೆಲ್ ಉಳಿಸಿಕೊಂಡಿದೆ.

ಇದೇ ಲೆಕ್ಕವನ್ನು 85 ಡೆಸಿಬೆಲ್ ಕೇಳುವವರಿಗೆ ಮಾಡಿ. ಶಿಖರಗಳಿಗೆ 160 ವ್ಯಾಟ್ ಬೇಕು. ಅಂಥವರಿಗೆ ಸಲಹೆ ಸರಿಯೇ. (ಅವರ ನೆರೆಯವರನ್ನೂ ಕೇಳಬೇಕು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್.) ಸ್ಪೀಕರಿನ ಸಂವೇದನೆ 83 ಡೆಸಿಬೆಲ್ ಮಾತ್ರ ಇದ್ದರೆ ಎಲ್ಲ ಅಂಕಿಗಳೂ ಮೂರು ಪಟ್ಟಾಗುತ್ತವೆ. ಹೀಗಾಗಿ ಆಂಪ್ಲಿಫೈಯರಿನ ಬೆಲೆಪಟ್ಟಿಗಿಂತ ಮೊದಲು ಓದಬೇಕಾದದ್ದು ಸ್ಪೀಕರಿನ ಬೆನ್ನ ಮೇಲಿನ ಬರಹವನ್ನು. ವ್ಯಾಟ್ ಎಂದಾಗ ನಿರಂತರ ವ್ಯಾಟ್ ಎಂಬುದೂ ನೆನಪಿರಲಿ. ಒಂದು ಕಾಲದಲ್ಲಿ ನಮ್ಮ ಅಂಗಡಿಗಳಲ್ಲಿ ಅಂಗೈಯಗಲದ ಸ್ಪೀಕರಿನ ಮೇಲೂ ಸಾವಿರ ವ್ಯಾಟ್ ಪಿ.ಎಂ.ಪಿ.ಒ. ಎಂದು ಬರೆದಿರುತ್ತಿತ್ತು. ಆ ಮಾಪನಕ್ಕೆ ಒಪ್ಪಿತ ವ್ಯಾಖ್ಯೆಯೇ ಇಲ್ಲ.

ಇಷ್ಟೆಲ್ಲ ತಿಳಿದೂ ನಾನು ಒಮ್ಮೆ 100 ವ್ಯಾಟಿನ ಪೆಟ್ಟಿಗೆಯೊಂದನ್ನು ತಂದೆ. ಮೊದಲ ಸಂಜೆಯೇ ವೀಣೆಯ ತಂತಿ ಹೆಚ್ಚು ಮಿಡಿಯಿತು, ಗಾಯಕಿ ಒಂದು ಹೆಜ್ಜೆ ಮುಂದೆ ಬಂದರು. ಮನೆಮಂದಿಗೆಲ್ಲ ಹೇಳಿದೆ. ವಾರದ ನಂತರ ಸಂಶಯ ಬಂದು ಸ್ಪೀಕರಿನ ತುದಿಗಳಲ್ಲಿ ವೋಲ್ಟೇಜ್ ಅಳೆದೆ. ವಾಲ್ಯೂಮ್ ಗುಬುಟು ಅದೇ ಜಾಗದಲ್ಲಿದ್ದರೂ ಹೊಸ ಪೆಟ್ಟಿಗೆ ಒಂದೂವರೆ ಡೆಸಿಬೆಲ್ ಹೆಚ್ಚು ಕೊಡುತ್ತಿತ್ತು! ಇಷ್ಟು ಸಣ್ಣ ಏರಿಕೆಯನ್ನು ನಾವು ‘ಜೋರು’ ಎಂದು ಗುರುತಿಸುವುದಿಲ್ಲ, ‘ಚೆನ್ನ’ ಎಂದು ಗುರುತಿಸುತ್ತೇವೆ. ಮಟ್ಟಗಳನ್ನು 0.1 ಡೆಸಿಬೆಲ್ ಒಳಗೆ, ಅಂದರೆ ವೋಲ್ಟೇಜಿನಲ್ಲಿ ಶೇಕಡ 1ರಷ್ಟರೊಳಗೆ ಸರಿಹೊಂದಿಸಿದೆ. ಗೆಳೆಯರೊಬ್ಬರು ಪರದೆಯ ಹಿಂದೆ ನಾಣ್ಯ ಚಿಮ್ಮಿ ಯಾವ ಪೆಟ್ಟಿಗೆ ಎಂಬುದನ್ನು ನಿರ್ಧರಿಸಿದರು. 16 ಸಲದಲ್ಲಿ 9 ಸಲ ನಾನು ಸರಿಯಾಗಿ ಹೇಳಿದೆ. ಕಣ್ಣುಮುಚ್ಚಿ ಊಹಿಸಿದ್ದರೂ 8 ಬರುತ್ತಿತ್ತು. ಕಿವಿಗೆ ನಿಜಕ್ಕೂ ಗೊತ್ತಾಗಿದೆ ಎನ್ನಲು ಕನಿಷ್ಠ 12 ಬೇಕು.

ನಾನೊಬ್ಬನೇ ಅಲ್ಲ. ಅಮೆರಿಕದ ಸ್ಟೀರಿಯೊ ರಿವ್ಯೂ ಪತ್ರಿಕೆ 1987ರ ಜನವರಿಯಲ್ಲಿ ಇಂಥದೇ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಸುಮಾರು 200 ಡಾಲರಿನ ರಿಸೀವರಿನಿಂದ 10,000 ಡಾಲರನ್ನು ಮೀರಿದ ನಳಿಕೆಯ ಆಂಪ್ಲಿಫೈಯರಿನವರೆಗೆ ಹಲವನ್ನು ಅದರಲ್ಲಿ ಹೋಲಿಸಲಾಗಿತ್ತು. ಒಟ್ಟಾರೆ ಸರಿಯುತ್ತರಗಳು ಅರ್ಧದ ಆಸುಪಾಸಿನಲ್ಲೇ ಉಳಿದವು. ಪರೀಕ್ಷೆಯಲ್ಲಿ ಭೇದ ಸಿಗಲಿಲ್ಲ ಎಂದ ಮಾತ್ರಕ್ಕೆ ಭೇದವೇ ಇಲ್ಲ ಎಂದು ಸಾಧಿಸಿದಂತಾಗುವುದಿಲ್ಲ, ಈ ಆಕ್ಷೇಪ ನ್ಯಾಯವಾದದ್ದೇ. ಆದರೆ ‘ರಾತ್ರಿ ಹಗಲಿನ ವ್ಯತ್ಯಾಸ’ ಎಂದು ಹೇಳಿ ಮಾರುವವರಿಗೆ ಆ ಆಕ್ಷೇಪದ ಆಸರೆ ಸಿಗದು. ಅದಕ್ಕೂ ಮುನ್ನ, 1985ರಲ್ಲಿ, ಬಾಬ್ ಕಾರ್ವರ್ ಎಂಬ ಎಂಜಿನಿಯರ್ ಸ್ಟೀರಿಯೊಫೈಲ್ ಪತ್ರಿಕೆಯವರ ಎದುರೇ ತನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ತಿದ್ದಿ, ಅವರು ಮೆಚ್ಚಿದ್ದ ದುಬಾರಿ ಆಂಪ್ಲಿಫೈಯರಿನಂತೆಯೇ ಕೇಳಿಸುವಂತೆ ಮಾಡಿದ. ಎರಡರ ಹೊರಬರುವ ಸಂಕೇತಗಳನ್ನು ಒಂದರಿಂದೊಂದು ಕಳೆದು, ಉಳಿದದ್ದನ್ನು ಕುಗ್ಗಿಸುತ್ತಾ ಹೋದದ್ದು ಅವನ ಉಪಾಯ. ಅಂದರೆ ಆಂಪ್ಲಿಫೈಯರುಗಳಲ್ಲಿ ಭೇದ ಇರಬಹುದು. ಇದ್ದರೆ ಅದನ್ನು ಅಳೆಯಬಹುದು.

‘ಡ್ಯಾಂಪಿಂಗ್ ಅಂಶ 400’ ಎಂಬ ಜಾಹೀರಾತನ್ನೂ ಇದೇ ದೃಷ್ಟಿಯಿಂದ ನೋಡಿ. 8 ಓಮ್ ಸ್ಪೀಕರಿಗೆ ಅದರರ್ಥ ಆಂಪ್ಲಿಫೈಯರಿನ ಹೊರತುದಿಯ ರೋಧ 0.02 ಓಮ್. ನಿಮ್ಮ ಹಳೆಯದರಲ್ಲಿ ಅದು 100 ಇದ್ದರೆ 0.08 ಓಮ್. ಆದರೆ ಸ್ಪೀಕರಿನೊಳಗಿನ ಸುರುಳಿಯೇ 6 ಓಮ್‌ನಷ್ಟು ರೋಧವನ್ನು ಹೊತ್ತಿದೆ. ಮಂಡಲದ ಒಟ್ಟು ರೋಧ 6.08ರಿಂದ 6.02ಕ್ಕೆ ಇಳಿಯಿತು. ಶೇಕಡ 1!

ಹಾಗಾದರೆ ಎಲ್ಲಿ ಬೇಕು? ಸ್ಪೀಕರಿನ ಇಂಪಿಡೆನ್ಸ್ ಕೆಲವು ಆವೃತ್ತಿಗಳಲ್ಲಿ 3 ಓಮ್‌ವರೆಗೆ ಕುಸಿಯುವಲ್ಲಿ. 8 ಓಮ್‌ಗೆ 40 ವ್ಯಾಟ್ ಕೊಡುವಾಗ ವೋಲ್ಟೇಜ್ ಸುಮಾರು 18, ಪ್ರವಾಹ 2 ಆಂಪಿಯರಿಗಿಂತ ತುಸು ಹೆಚ್ಚು. ಅದೇ ವೋಲ್ಟೇಜಿಗೆ 3 ಓಮ್ 6 ಆಂಪಿಯರ್ ಬೇಡುತ್ತದೆ. ಚಿಕ್ಕ ಟ್ರಾನ್ಸ್‌ಫಾರ್ಮರ್ ಇಲ್ಲಿ ಬಳಲುತ್ತದೆ, ಅಲೆಯ ತಲೆ ಕತ್ತರಿಸಿದಂತಾಗುತ್ತದೆ, ಕರ್ಕಶ ಧ್ವನಿ ಕೇಳಿಸುತ್ತದೆ. ಐದೋ ಏಳೋ ಚಾನೆಲ್ಲುಗಳು ಒಂದೇ ವಿದ್ಯುತ್ ಪೂರೈಕೆಯನ್ನು ಹಂಚಿಕೊಳ್ಳುವ ಹೋಮ್ ಥಿಯೇಟರ್ ರಿಸೀವರುಗಳಲ್ಲೂ ಮುಂದಿನ ಎರಡು ಸ್ಪೀಕರುಗಳ ಹೊರೆ ಇಳಿಸುವುದು ಸಾರ್ಥಕವೇ.

ಜೋಡಿಸುವುದಾದರೆ ಪ್ರಿ-ಔಟ್ ಎಂಬ ತುದಿಯಿಂದಲೇ ಜೋಡಿಸಿ. ಟೇಪ್-ಔಟ್ ಅದರಂತೆಯೇ ಕಾಣುತ್ತದೆ, ಆದರೆ ಅದು ಸಾಮಾನ್ಯವಾಗಿ ವಾಲ್ಯೂಮ್ ನಿಯಂತ್ರಣಕ್ಕೆ ಮೊದಲೇ ಕವಲೊಡೆದಿರುತ್ತದೆ. ಪರಿಚಿತರೊಬ್ಬರು ಅದನ್ನು ಸಿಕ್ಕಿಸಿದರು. ಪೂರ್ಣ ಸಂಕೇತ ಒಮ್ಮೆಲೇ ನುಗ್ಗಿ ಟ್ವೀಟರ್ ಎರಡೂ ಸುಟ್ಟವು.

ಕೊನೆಗೆ ಗುಂಯ್‌ಗುಡುವ ಶಬ್ದ. ಎರಡು ಉಪಕರಣಗಳಿಗೂ ಮೂರು ಪಿನ್ನಿನ ಪ್ಲಗ್ ಇದ್ದು, ಗೋಡೆಯ ಬೇರೆ ಬೇರೆ ಸಾಕೆಟ್ಟುಗಳಲ್ಲಿ ಹಾಕಿದಿರಿ ಎನ್ನಿ. ಭೂತಂತಿ ಹಾಗೂ ಸಂಕೇತದ ತಂತಿಯ ಹೊದಿಕೆ ಸೇರಿ ಒಂದು ಉಂಗುರವಾಗುತ್ತದೆ. ಅದರಲ್ಲಿ 50 ಹರ್ಟ್ಸ್ ಪ್ರವಾಹ ಹರಿದು ಉಂಟಾಗುವ ಕಿಂಚಿತ್ ವೋಲ್ಟೇಜ್ 20 ಪಟ್ಟಾಗಿ ಸ್ಪೀಕರಿನಲ್ಲಿ ಕೇಳುತ್ತದೆ. ಇದಕ್ಕೆ ನಮ್ಮಲ್ಲಿ ಕೈಮದ್ದೊಂದಿದೆ: ಪ್ಲಗ್ಗಿನ ಭೂಪಿನ್ ಮುರಿದುಬಿಡುವುದು. ಗುಂಯ್ ನಿಲ್ಲುತ್ತದೆ, ನಿಜ. ಆದರೆ ಮುಂದೊಂದು ದಿನ ಒಳಗಿನ ನಿರೋಧಕ ಹೊದಿಕೆ ಸೋತರೆ 230 ವೋಲ್ಟ್ ನೇರವಾಗಿ ಲೋಹದ ಕವಚಕ್ಕೆ ಬರುತ್ತದೆ. ಫ್ಯೂಸ್ ಹಾರುವುದಿಲ್ಲ. ಮುಟ್ಟಿದವರ ಮೈಯೇ ಭೂತಂತಿ! ಹೀಗೆ ಮಾಡಬೇಡಿ. ಯಾರಾದರೂ ಮಾಡಿಕೊಟ್ಟಿದ್ದರೆ ಇಂದೇ ಪ್ಲಗ್ ಬದಲಿಸಿ. ಎರಡನ್ನೂ ಒಂದೇ ವಿಸ್ತರಣ ಫಲಕದ ಸಾಕೆಟ್ಟುಗಳಿಗೆ ಹಾಕಿ, ಸಂಕೇತದ ತಂತಿಯನ್ನು ಗಿಡ್ಡವಾಗಿಡಿ. ಅದಕ್ಕೂ ಬಗ್ಗದಿದ್ದರೆ ಸಂಕೇತದ ದಾರಿಯಲ್ಲಿ ಪ್ರತ್ಯೇಕಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ಸೇರಿಸಬಹುದು.

ನನ್ನ 100 ವ್ಯಾಟಿನ ಪೆಟ್ಟಿಗೆ ಈಗ ನಮ್ಮ ಬಡಾವಣೆಯ ಸಂಘದ ಸಭಾಂಗಣದಲ್ಲಿದೆ. ಅಲ್ಲಿ ಕೊನೆಯ ಸಾಲು ಸ್ಪೀಕರಿನಿಂದ 15 ಮೀಟರ್ ದೂರ.